ಬಾಬ್ ಡಿಲನ್ ಬಗ್ಗೆ ಓದಬೇಕು, ಆದರೆ ಯಾವ ಪುಸ್ತಕ?

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡು ಕೇಳಲು ಶುರು ಮಾಡಿದವರಿಗೆ ಸ್ವಲ್ಪ ದಿನದಲ್ಲೇ ಒಂದು ಆಸೆ ಹುಟ್ಟುತ್ತದೆ. ಯಾರಾದರೂ ಪಕ್ಕದಲ್ಲಿ ಕೂತು ಇದನ್ನೆಲ್ಲ ಬಿಡಿಸಿ ಹೇಳಿದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಹೇಳುವವರಿಗೇನೂ ಬರವಿಲ್ಲ. ಅಭಿಮಾನಿಗಳು, ಪತ್ರಕರ್ತರು, ಇತಿಹಾಸಕಾರರು, ಕಾಲೇಜು ಮೇಷ್ಟ್ರುಗಳು ಅರವತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ. 2016ರಲ್ಲಿ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದ ಮೇಲೆ ಪುಸ್ತಕಗಳ ರಾಶಿ ಇನ್ನೂ ಬೆಳೆಯಿತು. 2024ರಲ್ಲಿ ಅವರ ಬಗ್ಗೆಯೇ ‘ಎ ಕಂಪ್ಲೀಟ್ ಅನ್‌ನೋನ್’ ಸಿನಿಮಾ ಬಂದ ಮೇಲಂತೂ ಹೊಸ ಕೇಳುಗರು ಕೇಳುವ ಪ್ರಶ್ನೆ ಒಂದೇ: ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಆದರೆ ಆರಿಸಿಕೊಳ್ಳುವ ದಾರಿ ಇದೆ. ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು ಅಂತ ಮೊದಲು ಕೇಳಿಕೊಳ್ಳಿ. ಸಾಲುಗಳೇ? ಆ ಗೊಗ್ಗರು ದನಿಯೇ? ಆ ಮನುಷ್ಯನ ಬದುಕೇ? ಹಾಡಿನ ಬೆನ್ನಿಗಿರುವ ಹಳೆಯ ಅಮೆರಿಕವೇ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಾನು ನೋಡುವ ನಾಲ್ಕು ವಿಷಯ

ಮೊದಲನೆಯದು, ಬರೆದವರು ಹಾಡು ಅಂತ ಯಾವುದನ್ನು ಕರೆಯುತ್ತಾರೆ ಎನ್ನುವುದು. ಕೆಲವರಿಗೆ ಹಾಡು ಅಂದರೆ ಹಾಳೆಯ ಮೇಲಿನ ಸಾಲು. ಇನ್ನು ಕೆಲವರಿಗೆ ಒಂದು ಸಂಜೆ, ಒಂದು ವೇದಿಕೆಯ ಮೇಲೆ ಹಾಡಿದ್ದು ಮಾತ್ರ ಹಾಡು. ದಾಸರ ಪದ ಕೇಳಿ ಬೆಳೆದ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಜಗದೋದ್ಧಾರನ’ವನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಾಪಿ ರಾಗದಲ್ಲಿ ಒಬ್ಬರು ಹಾಡುವಾಗ ಕೇಳುವುದು ಬೇರೆ. ಡಿಲನ್ ಬಗ್ಗೆ ಬರೆದವರ ನಡುವಿನ ದೊಡ್ಡ ಜಗಳವೂ ಇದೇ.

ಎರಡನೆಯದು, ನಂಬಿಕೆ. ಡಿಲನ್ ತಮ್ಮ ಬಗ್ಗೆ ತಾವೇ ಕಥೆ ಕಟ್ಟಿ ಹೇಳಿದವರು. ಹೆಸರನ್ನೇ ಬದಲಿಸಿಕೊಂಡವರು. ಮಿನೆಸೋಟಾದ ರಾಬರ್ಟ್ ಝಿಮರ್‌ಮನ್ 1961ರಲ್ಲಿ ನ್ಯೂಯಾರ್ಕಿಗೆ ಬರುವ ಹೊತ್ತಿಗೆ ಬಾಬ್ ಡಿಲನ್ ಆಗಿದ್ದರು. ಹಾಗಾಗಿ ಬರೆದವರು ಯಾವುದನ್ನು ಪರೀಕ್ಷಿಸಿದ್ದಾರೆ, ಯಾವುದನ್ನು ಹೇಳಿದಂತೆಯೇ ಒಪ್ಪಿದ್ದಾರೆ ಅಂತ ನೋಡಲೇಬೇಕು.

ಮೂರನೆಯದು ನನಗೆ ಬಹಳ ಮುಖ್ಯ. ಅಭಿಮಾನಕ್ಕೆ ಕಣ್ಣು ಕಾಣುತ್ತದೆಯೇ? ಕೆಟ್ಟ ಹಾಡನ್ನು ಕೆಟ್ಟದ್ದು ಅಂತ ಹೇಳುವ ಧೈರ್ಯ ಇದೆಯೇ? 1970ರಲ್ಲಿ ‘ಸೆಲ್ಫ್ ಪೋರ್ಟ್ರೇಟ್’ ಆಲ್ಬಂ ಬಂದಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಗ್ರೀಲ್ ಮಾರ್ಕಸ್ ತಮ್ಮ ವಿಮರ್ಶೆಯನ್ನು ಬೈಗುಳದಿಂದಲೇ ಶುರು ಮಾಡಿದರು. ಡಿಲನ್‌ರನ್ನು ಅವರಷ್ಟು ಪ್ರೀತಿಸಿದವರು ಕಡಿಮೆ. ಆ ಸಿಟ್ಟು ಬಂದಿದ್ದೂ ಆ ಪ್ರೀತಿಯಿಂದಲೇ. ಅಂಥವರು ಹೊಗಳಿದಾಗ ಆ ಹೊಗಳಿಕೆಗೆ ತೂಕ ಇರುತ್ತದೆ.

ಕೊನೆಯದು, ಪುಸ್ತಕ ನಿಮ್ಮಿಂದ ಏನು ಬೇಡುತ್ತದೆ ಎನ್ನುವುದು. ನಾನು ಹೇಳುವ ಪುಸ್ತಕಗಳೆಲ್ಲ ಇಂಗ್ಲಿಷಿನವು. ಕೆಲವದರ ಇಂಗ್ಲಿಷ್ ಪೇಪರ್ ಓದಿದ ಹಾಗೆ ಸಲೀಸು, ಕೆಲವದರದು ನಿಜಕ್ಕೂ ಕಷ್ಟ. ಕೆಲವಕ್ಕೆ ಹತ್ತಾರು ಆಲ್ಬಂ ಮೊದಲೇ ಕೇಳಿರಬೇಕು. ದುಡ್ಡು, ಸಮಯ ಎರಡೂ ಲೆಕ್ಕಕ್ಕೆ ಬರುತ್ತವೆ.

ಒಂದೇ ಹಾಡು, ಮೂರು ಓದು

ವ್ಯತ್ಯಾಸ ತೋರಿಸಲು ಒಂದು ಹಾಡು ಹಿಡಿಯೋಣ. ‘ದಿ ಲೋನ್‌ಸಮ್ ಡೆತ್ ಆಫ್ ಹ್ಯಾಟಿ ಕ್ಯಾರೊಲ್’. ಇದು ನಡೆದ ಘಟನೆ. 1963ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್‌ನ ಒಂದು ಹೋಟೆಲಿನ ಪಾರ್ಟಿಯಲ್ಲಿ ವಿಲಿಯಂ ಝಾಂಟ್ಸಿಂಗರ್ ಎಂಬ 24 ವರ್ಷದ ಶ್ರೀಮಂತ ಕುಡಿದು, ಅಲ್ಲಿ ಕೆಲಸಕ್ಕಿದ್ದ ಹ್ಯಾಟಿ ಕ್ಯಾರೊಲ್ ಎಂಬ ಕಪ್ಪು ಮಹಿಳೆಗೆ ಆಟಿಕೆ ಬೆತ್ತದಿಂದ ಹೊಡೆದ. ಬಾಯಿಗೆ ಬಂದಂತೆ ಬೈದ. ಕೆಲವೇ ಗಂಟೆಗಳಲ್ಲಿ ಆಕೆ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗಸ್ಟ್ 28ರಂದು ಆತನಿಗೆ ಆರು ತಿಂಗಳ ಸಜೆ ಆಯಿತು. ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದೂ ಅದೇ ದಿನ. ಡಿಲನ್ ಅಕ್ಟೋಬರ್ 23ರಂದು ಹಾಡನ್ನು ರೆಕಾರ್ಡ್ ಮಾಡಿದರು.

ಕ್ರಿಸ್ಟೊಫರ್ ರಿಕ್ಸ್ ಈ ಹಾಡನ್ನು ಕವಿತೆ ಓದುವ ಕಣ್ಣಿನಿಂದ ನೋಡುತ್ತಾರೆ. ಮಿಲ್ಟನ್, ಕೀಟ್ಸ್, ಟೆನಿಸನ್ ಬಗ್ಗೆ ಬರೆದ ದೊಡ್ಡ ವಿಮರ್ಶಕರು ಅವರು. ಅವರ ‘ಡಿಲನ್ಸ್ ವಿಷನ್ಸ್ ಆಫ್ ಸಿನ್’ 2003ರಲ್ಲಿ ಬಂತು. ಕ್ರೈಸ್ತ ಪರಂಪರೆಯ ಏಳು ಪಾಪ, ನಾಲ್ಕು ಸದ್ಗುಣ, ಮೂರು ದೈವೀ ಗುಣಗಳ ಕೆಳಗೆ ಹಾಡುಗಳನ್ನು ಹಂಚಿದ್ದಾರೆ. ಹ್ಯಾಟಿ ಕ್ಯಾರೊಲ್ ಬರುವುದು ನ್ಯಾಯದ ಕೆಳಗೆ. ಸತ್ತಾಕೆ ಕಪ್ಪು ಹೆಂಗಸು ಅಂತ ಹಾಡು ಎಲ್ಲೂ ಹೇಳುವುದೇ ಇಲ್ಲ ಎಂಬ ಮಾತನ್ನು ಅವರು ಎತ್ತಿ ತೋರಿಸುತ್ತಾರೆ. ಹೇಳದೆಯೇ ನಮಗೆ ಗೊತ್ತಾಗುತ್ತದೆ, ಅದೇ ಹಾಡಿನ ಬಲ. ಸಾಲಿನ ಕೊನೆಗಳು ಆಕೆಯ ಹೆಸರಿನ ಹಾಗೆ ಒತ್ತಿಲ್ಲದೆ ಇಳಿದು ನಿಲ್ಲುವುದನ್ನೂ ಗುರುತಿಸುತ್ತಾರೆ. ಇದನ್ನು ಓದಿ ಮತ್ತೆ ಹಾಡು ಹಾಕಿದರೆ ಕಿವಿಗೆ ಬೇರೆಯೇ ಹಾಡು ಬೀಳುತ್ತದೆ.

ಡಿಲನ್ ಜೀವನಚರಿತ್ರೆ ಬರೆದ ಕ್ಲಿಂಟನ್ ಹೇಲಿನ್ ಕೇಳುವ ಪ್ರಶ್ನೆಗಳೇ ಬೇರೆ. ಯಾವಾಗ ಬರೆದಿದ್ದು? ಎಲ್ಲಿ ಮೊದಲು ಹಾಡಿದ್ದು? ನಡೆದಿದ್ದಕ್ಕೂ ಹಾಡಿಗೂ ಎಷ್ಟು ದೂರ? ಕೋರ್ಟು ಒಪ್ಪಿದ್ದು ಕೊಲ್ಲುವ ಉದ್ದೇಶವಿಲ್ಲದ ನರಹತ್ಯೆಯನ್ನು, ಹಾಡಿನಲ್ಲಿ ಬರುವುದು ಕೊಲೆಯ ಆರೋಪ. ಆ ಅಂತರವನ್ನು ಹೇಲಿನ್ ಸುಮ್ಮನೆ ಬಿಡುವುದಿಲ್ಲ. ಅವರ ‘ರೆವಲ್ಯೂಷನ್ ಇನ್ ದಿ ಏರ್’ (2009) ಮತ್ತು ‘ಸ್ಟಿಲ್ ಆನ್ ದಿ ರೋಡ್’ (2010) ಸೇರಿದರೆ 600ರಷ್ಟು ಹಾಡುಗಳ ಜಾತಕ ಕೈಗೆ ಸಿಗುತ್ತದೆ.

ಪಾಲ್ ವಿಲಿಯಮ್ಸ್ ದಾರಿ ಮೂರನೆಯದು. 1966ರಲ್ಲಿ, ಇನ್ನೂ 17ರ ಕಾಲೇಜು ಹುಡುಗನಾಗಿದ್ದಾಗ ‘ಕ್ರಾಡ್ಯಾಡಿ’ ಎಂಬ ರಾಕ್ ಪತ್ರಿಕೆ ಶುರು ಮಾಡಿದವರು ಇವರು. ಡಿಲನ್‌ರನ್ನು ಅವರು ಮೊದಲು ಗಾಯಕರಾಗಿ, ಆಮೇಲೆ ಬರಹಗಾರರಾಗಿ ನೋಡುತ್ತಾರೆ. ಒಂದೊಂದು ಸಲ ಹಾಡಿದ್ದೂ ಒಂದೊಂದು ಕೃತಿ ಎಂಬುದು ಅವರ ವಾದ. ಈ ದಾರಿ ಹಿಡಿದರೆ ಕೇಳಬೇಕಾದ್ದು ಹೀಗೆ: 1963ರಲ್ಲಿ ಒಂದು ಗಿಟಾರ್ ಹಿಡಿದು ತಣ್ಣಗೆ ಹೇಳಿದ ಅದೇ ಹಾಡು, 1975ರಲ್ಲಿ ‘ರೋಲಿಂಗ್ ಥಂಡರ್’ ಪ್ರವಾಸದಲ್ಲಿ ಇಡೀ ಬ್ಯಾಂಡ್ ಜೊತೆ ಗುಡುಗಿದಾಗ ಏನಾಯಿತು? ಎರಡೂ ರೆಕಾರ್ಡಿಂಗ್ ಇವತ್ತು ಸಲೀಸಾಗಿ ಸಿಗುತ್ತವೆ. ಒಂದಾದ ಮೇಲೆ ಒಂದು ಕೇಳಿ ನೋಡಿ. ಪದಗಳು ಅವೇ. ಮೊದಲನೆಯದರಲ್ಲಿ ದುಃಖ ಜಾಸ್ತಿ, ಎರಡನೆಯದರಲ್ಲಿ ರೋಷ ಜಾಸ್ತಿ ಅಂತ ನನಗೆ ಕೇಳಿಸುತ್ತದೆ.

ಈ ಮೂರರಲ್ಲಿ ಯಾವ ಓದು ನಿಮಗೆ ಹತ್ತಿರ ಅನ್ನಿಸಿತು? ಅಲ್ಲೇ ನಿಮ್ಮ ಪುಸ್ತಕ ಇದೆ. ಆದರೆ ಕೊಳ್ಳುವ ಮೊದಲು ಒಂದೊಂದರ ಕಷ್ಟವನ್ನೂ ತಿಳಿದುಕೊಳ್ಳಿ.

ಕವಿತೆ ಪ್ರೀತಿಸುವವರಿಗೆ

ರಿಕ್ಸ್ ಪುಸ್ತಕ ಸುಮಾರು 500 ಪುಟ. ಇಂಗ್ಲಿಷ್ ಕಷ್ಟ. ಸಾಲು ಸಾಲಿಗೂ ಪದಗಳ ಜೊತೆ ಆಟ ಆಡುತ್ತಾರೆ. ‘ನಾಟ್ ಡಾರ್ಕ್ ಯೆಟ್’ ಹಾಡನ್ನು ಕೀಟ್ಸ್‌ನ ನೈಟಿಂಗೇಲ್ ಕವಿತೆಯ ಪಕ್ಕ ಇಟ್ಟು ಓದುವ ಭಾಗವಂತೂ ಅದ್ಭುತ. ಕೀಟ್ಸ್ ಓದಿದವರಿಗೆ ಅದು ಹಬ್ಬ. ಓದದವರು ಅಲ್ಲಿ ಸ್ವಲ್ಪ ಹೊರಗೇ ನಿಲ್ಲಬೇಕಾಗುತ್ತದೆ. ದನಿಯನ್ನು ಅವರು ಮರೆಯುವುದಿಲ್ಲ, ಆದರೆ ಬ್ಯಾಂಡು, ಡ್ರಮ್ಸು, ಹಾರ್ಮೋನಿಕಾಗಳಿಗೆ ಸಿಗುವ ಜಾಗ ಕಡಿಮೆ. ಇಂಗ್ಲಿಷ್ ಎಂ.ಎ. ಮಾಡಿದವರು, ಕವಿತೆ ಪಾಠ ಮಾಡುವವರು ಕಣ್ಣುಮುಚ್ಚಿ ಕೊಳ್ಳಬಹುದು.

ಅಷ್ಟು ಭಾರ ಬೇಡ ಅನ್ನುವವರಿಗೆ ರಿಚರ್ಡ್ ಥಾಮಸ್ ಅವರ ‘ವೈ ಬಾಬ್ ಡಿಲನ್ ಮ್ಯಾಟರ್ಸ್’ (2017) ಇದೆ. ಹಾರ್ವರ್ಡ್‌ನಲ್ಲಿ ಲ್ಯಾಟಿನ್ ಕಲಿಸಿದವರು ಇವರು, ಅಲ್ಲೇ ಡಿಲನ್ ಬಗ್ಗೆಯೂ ತರಗತಿ ನಡೆಸಿದವರು. 2001ರಿಂದೀಚಿನ ಹಾಡುಗಳಲ್ಲಿ ಪ್ರಾಚೀನ ರೋಮಿನ ಕವಿಗಳಾದ ವರ್ಜಿಲ್, ಓವಿಡ್‌ರ ಸಾಲುಗಳು ಹೇಗೆ ನುಸುಳಿವೆ ಅಂತ ತೋರಿಸುತ್ತಾರೆ. ರಿಕ್ಸ್ ಪುಸ್ತಕಕ್ಕಿಂತ ತೆಳು, ತಿಳಿ ಇಂಗ್ಲಿಷ್. ಆದರೆ ಇಲ್ಲಿ ಅಭಿಮಾನ ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತದೆ. ನನ್ನ ಮೂರನೆಯ ಅಳತೆಯಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ.

ಮೈಕಲ್ ಗ್ರೇ ಅವರ ‘ಸಾಂಗ್ ಅಂಡ್ ಡಾನ್ಸ್ ಮ್ಯಾನ್’ 1972ರಲ್ಲಿ ಮೊದಲು ಬಂತು. ಡಿಲನ್ ಹಾಡುಗಳನ್ನು ಸಾಹಿತ್ಯದ ಗಂಭೀರ ಓದಿಗೆ ಒಡ್ಡಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. 2000ದ ಮೂರನೆಯ ಆವೃತ್ತಿ 900 ಪುಟ ದಾಟುತ್ತದೆ. ಅಡಿಟಿಪ್ಪಣಿಗಳೇ ಒಂದು ಪುಸ್ತಕದಷ್ಟಿವೆ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಕಪ್ಪು ಗಾಯಕರ ಬ್ಲೂಸ್‌ನಿಂದ ಡಿಲನ್ ಏನೆಲ್ಲ ಪಡೆದಿದ್ದಾರೆ ಎಂಬ ಅಧ್ಯಾಯ ಇದರ ಜೀವಾಳ. ಇದನ್ನು ಒಂದೇ ಸಲಕ್ಕೆ ಓದಿ ಮುಗಿಸಲು ಹೋಗಬೇಡಿ. ಒಂದು ಆಲ್ಬಂ ಕೇಳಿ, ಅದರ ಪುಟ ತೆಗೆದು ಓದಿ, ಮುಚ್ಚಿಡಿ. ವರ್ಷಗಟ್ಟಲೆ ಜೊತೆಗಿರುವ ಪುಸ್ತಕ.

ಬದುಕು ತಿಳಿಯಬೇಕು ಅನ್ನುವವರಿಗೆ

ಇಲ್ಲಿ ಸ್ಪರ್ಧೆ ಮುಖ್ಯವಾಗಿ ರಾಬರ್ಟ್ ಶೆಲ್ಟನ್ ಮತ್ತು ಹೇಲಿನ್ ನಡುವೆ.

ಶೆಲ್ಟನ್ 1961ರ ಸೆಪ್ಟೆಂಬರ್ 29ರ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಡಿಲನ್ ಬಗ್ಗೆ ಬರೆದವರು. ಆಗ ಡಿಲನ್‌ಗೆ 20 ವರ್ಷ, ಗರ್ಡೀಸ್ ಫೋಕ್ ಸಿಟಿ ಎಂಬ ಜಾಗದಲ್ಲಿ ಬೇರೆಯವರ ಕಾರ್ಯಕ್ರಮಕ್ಕೆ ಮೊದಲು ಹಾಡುತ್ತಿದ್ದ ಹುಡುಗ. ಆ ವಿಮರ್ಶೆ ಬಂದ ಸ್ವಲ್ಪ ದಿನದಲ್ಲೇ ಕೊಲಂಬಿಯಾ ರೆಕಾರ್ಡ್ ಕಂಪನಿಯ ಕಾಂಟ್ರ್ಯಾಕ್ಟ್ ಆಯಿತು. 1966ರ ಮಾರ್ಚ್‌ನಲ್ಲಿ ರಾತ್ರಿ ಹೊತ್ತು ವಿಮಾನದಲ್ಲಿ ಡಿಲನ್ ಜೊತೆ ಕೂತು ಮಾತಾಡಿಸಿದವರೂ ಇವರೇ. ಅವರ ‘ನೋ ಡೈರೆಕ್ಷನ್ ಹೋಮ್’ ಬಂದಿದ್ದು 1986ರಲ್ಲಿ. ಕಣ್ಣಾರೆ ಕಂಡವರ ಬರವಣಿಗೆ, ಪತ್ರಿಕೆಯ ಸಲೀಸು ಇಂಗ್ಲಿಷ್. ಕೊರತೆ ಏನೆಂದರೆ, ಅರವತ್ತರ ದಶಕ ತುಂಬಿಕೊಂಡಿದೆ, ಆಮೇಲಿನದು ಅವಸರದಲ್ಲಿ ಓಡುತ್ತದೆ. ಗೆಳೆತನದ ಮುಲಾಜೂ ಇದೆ.

ಹೇಲಿನ್‌ಗೆ ಯಾರ ಮುಲಾಜೂ ಇಲ್ಲ. ಅವರ ‘ಬಿಹೈಂಡ್ ದಿ ಶೇಡ್ಸ್’ 1991ರಲ್ಲಿ ಬಂತು, ಆಮೇಲೆ ಎರಡು ಸಲ ಬೆಳೆಯಿತು. ಡಿಲನ್ ಅವರ ಕಾಗದಪತ್ರಗಳೆಲ್ಲ 2016ರಲ್ಲಿ ಓಕ್ಲಹೋಮಾದ ಟಲ್ಸಾ ಊರಿನ ಸಂಗ್ರಹಕ್ಕೆ ಸೇರಿದವು. ಅವನ್ನು ನೋಡಿದ ಮೇಲೆ ಹೇಲಿನ್ ಇಡೀ ಜೀವನಚರಿತ್ರೆಯನ್ನೇ ಹೊಸದಾಗಿ ಬರೆದರು. ‘ದಿ ಡಬಲ್ ಲೈಫ್ ಆಫ್ ಬಾಬ್ ಡಿಲನ್’ ಮೊದಲ ಸಂಪುಟ (2021) 1966ಕ್ಕೆ ನಿಲ್ಲುತ್ತದೆ. ತಾರೀಕು, ಸ್ಥಳ, ಯಾರು ಎಲ್ಲಿದ್ದರು ಎನ್ನುವುದರಲ್ಲಿ ಇವರಷ್ಟು ಕೆದಕಿದವರು ಇನ್ನೊಬ್ಬರಿಲ್ಲ. ಆದರೆ ಉಳಿದ ಲೇಖಕರ ಜೊತೆ ಪುಟಪುಟಕ್ಕೂ ಜಗಳ. ಹೊಸಬರಿಗೆ ಆ ಜಗಳ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಮೊದಲ ಪುಸ್ತಕವಾಗಿ ಇದು ಬೇಡ. ಒಂದು ವಿವರ ನಿಜವೋ ಸುಳ್ಳೋ ಅಂತ ನೋಡಲು ಮಾತ್ರ ಇದೇ ಬೇಕು.

ಡಿಲನ್ ತಾವೇ ಬರೆದ ‘ಕ್ರಾನಿಕಲ್ಸ್’ (2004) ಇದೆಯಲ್ಲ, ಅದು ಸಾಲದೇ ಅಂತ ಕೇಳುವವರಿದ್ದಾರೆ. ಓದಿ, ಖಂಡಿತ ಓದಿ. 1961ರ ನ್ಯೂಯಾರ್ಕ್ ಚಳಿ ಮೈಗೆ ತಟ್ಟುವಂತಿದೆ. 300 ಪುಟದ ಒಳಗಿನ ಪುಸ್ತಕ, ಇಲ್ಲಿರುವ ಬಹುಪಾಲು ಪುಸ್ತಕಗಳಿಗಿಂತ ಹಗುರ. ಆದರೆ ಅದನ್ನು ದಾಖಲೆ ಅಂದುಕೊಳ್ಳಬೇಡಿ. ಅದರಲ್ಲಿ ಬೇರೆ ಪುಸ್ತಕಗಳ ಸಾಲುಗಳು ಸೇರಿಕೊಂಡಿರುವುದನ್ನು ಅಭಿಮಾನಿಗಳೇ ಹುಡುಕಿ ತೋರಿಸಿದ್ದಾರೆ. ‘ಹೈವೇ 61’, ‘ಬ್ಲಾಂಡ್ ಆನ್ ಬ್ಲಾಂಡ್’ ಆಲ್ಬಂಗಳ ಕಾಲದ ಬಗ್ಗೆ ಕೇಳಬೇಕು ಅಂತ ಹೋದವರಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ನ್ಯೂಯಾರ್ಕಿನ ಮೊದಲ ದಿನಗಳಿಂದ ಕಥೆ 1970ಕ್ಕೆ, ಅಲ್ಲಿಂದ 1989ಕ್ಕೆ ಜಿಗಿಯುತ್ತದೆ.

ಸಿನಿಮಾ ನೋಡಿ ಬಂದವರಿಗೆ ಹತ್ತಿರದ ದಾರಿ ಎಲಿಜಾ ವಾಲ್ಡ್ ಅವರ ‘ಡಿಲನ್ ಗೋಸ್ ಎಲೆಕ್ಟ್ರಿಕ್’ (2015). ಸಿನಿಮಾಕ್ಕೆ ಆಧಾರವೇ ಇದು. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಸಂಜೆಯನ್ನು ನಡುವೆ ಇಟ್ಟುಕೊಂಡು ಬರೆದಿದ್ದಾರೆ. ನನಗೆ ಹಿಡಿಸಿದ್ದು, ಅದನ್ನು ಒಪ್ಪದ ಹಿರಿಯ ಜಾನಪದ ಗಾಯಕ ಪೀಟ್ ಸೀಗರ್‌ರನ್ನು ಇದರಲ್ಲಿ ಖಳನಾಯಕ ಮಾಡದೆ ಇರುವುದು. ಆ ಸಂಜೆ ಜನ ಕೂಗಿದ್ದು ಯಾಕೆ ಎಂಬುದಕ್ಕೆ ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳುವುದೂ ಇಲ್ಲ. ವಾಲ್ಡ್ ತಾವೇ ಗಿಟಾರ್ ನುಡಿಸುವವರಾದ್ದರಿಂದ ಸಂಗೀತದ ಮಾತು ಗಟ್ಟಿಯಾಗಿದೆ.

ಅಮೆರಿಕವನ್ನು ಹುಡುಕುವವರಿಗೆ

ಗ್ರೀಲ್ ಮಾರ್ಕಸ್ ಅವರ ‘ಇನ್‌ವಿಸಿಬಲ್ ರಿಪಬ್ಲಿಕ್’ (1997) ಬಗ್ಗೆ ನನಗೆ ವಿಶೇಷ ಪ್ರೀತಿ. 1967ರಲ್ಲಿ ಡಿಲನ್ ಮತ್ತು ಆಮೇಲೆ ‘ದಿ ಬ್ಯಾಂಡ್’ ಆದ ಗೆಳೆಯರು ಒಂದು ಮನೆಯ ನೆಲಮಾಳಿಗೆಯಲ್ಲಿ ಸುಮ್ನೆ ಕೂತು ಹಾಡಿಕೊಂಡ ಟೇಪುಗಳ ಬಗ್ಗೆ ಬರೆದ ಪುಸ್ತಕ. ಅಲ್ಲಿಂದ ಮಾರ್ಕಸ್ ಹ್ಯಾರಿ ಸ್ಮಿತ್ 1952ರಲ್ಲಿ ಹೊರತಂದ 84 ಹಳೆಯ ಜಾನಪದ ರೆಕಾರ್ಡುಗಳ ಸಂಗ್ರಹಕ್ಕೆ ಹೋಗುತ್ತಾರೆ, ಗಣಿಗಾರ ಗಾಯಕ ಡಾಕ್ ಬಾಗ್ಸ್‌ ಬಳಿಗೆ ಹೋಗುತ್ತಾರೆ. ಓದುತ್ತಾ ಹೋದಂತೆ ಡಿಲನ್ ಮರೆಯಾಗಿ ಒಂದು ಇಡೀ ಕಾಣದ ದೇಶ ಎದುರಿಗೆ ನಿಲ್ಲುತ್ತದೆ. ಎಚ್ಚರಿಕೆಯ ಮಾತೂ ಹೇಳಬೇಕು. ವಾಕ್ಯಗಳು ಉದ್ದ, ಹಾರಾಟ ಜಾಸ್ತಿ, ಎಷ್ಟೋ ಕಡೆ ವಾದಕ್ಕಿಂತ ಕನಸೇ ಮುಂದೆ ಹೋಗುತ್ತದೆ. ಆ ಟೇಪುಗಳನ್ನು ಕೇಳದೆ ಓದಿದರೆ ಏನೂ ದಕ್ಕುವುದಿಲ್ಲ.

ಅದೇ ವಿಷಯವನ್ನು ನೆಲದ ಮೇಲೆ ನಿಂತು ಹೇಳುವ ಪುಸ್ತಕ ಬೇಕಾದರೆ ಇತಿಹಾಸಕಾರ ಶಾನ್ ವಿಲೆಂಟ್ಸ್ ಅವರ ‘ಬಾಬ್ ಡಿಲನ್ ಇನ್ ಅಮೆರಿಕ’ (2010). ಮಾರ್ಕಸ್‌ರಷ್ಟು ಕಾವು ಇಲ್ಲ, ಆದರೆ ಕಾಲು ಜಾರುವುದಿಲ್ಲ.

ಅಭಿಮಾನಿ ಪತ್ರಿಕೆಗಳ ಲೋಕ

ಇವರೆಲ್ಲರ ಬೆನ್ನಿಗೆ ಒಂದು ದೊಡ್ಡ ಗುಂಪಿದೆ. ಇಂಗ್ಲೆಂಡಿನಲ್ಲಿ ಜಾನ್ ಬಾಲ್ಡಿ 1981ರಲ್ಲಿ ‘ದಿ ಟೆಲಿಗ್ರಾಫ್’ ಎಂಬ ಡಿಲನ್ ಪತ್ರಿಕೆ ಶುರು ಮಾಡಿದರು. 1985ರಲ್ಲಿ ‘ಐಸಿಸ್’ ಬಂತು. ಯಾವ ಊರಿನಲ್ಲಿ ಯಾವ ಹಾಡು ಹಾಡಿದರು, ಯಾವ ಸಾಲು ಬದಲಿಸಿದರು ಅಂತ ಇವರು ಬರೆದಿಟ್ಟರು. ಕಾರ್ಯಕ್ರಮಗಳ ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಕಳಿಸಿಕೊಂಡು ಕೇಳಿದ ಜನ ಇವರು. ಈ ಕೆಲಸದ ಬೆಲೆ ಎಷ್ಟು ಅಂದರೆ, 1991ರಲ್ಲಿ ಕೊಲಂಬಿಯಾ ಕಂಪನಿ ಅಲ್ಲಿಯವರೆಗೆ ಬಿಡುಗಡೆಯಾಗದಿದ್ದ ರೆಕಾರ್ಡಿಂಗ್‌ಗಳ ‘ಬೂಟ್‌ಲೆಗ್ ಸೀರೀಸ್’ನ ಮೊದಲ ಮೂರು ಸಂಪುಟ ಹೊರತಂದಾಗ ಅದರ ಜೊತೆಗಿನ ಪುಸ್ತಿಕೆ ಬರೆದಿದ್ದು ಬಾಲ್ಡಿ. ಅವರು 1996ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ದೊಡ್ಡ ನಷ್ಟ. 2001ರ ‘ಲವ್ ಅಂಡ್ ಥೆಫ್ಟ್’ ಆಲ್ಬಂನ ಕೆಲವು ಸಾಲುಗಳು ಒಂದು ಜಪಾನೀ ಪುಸ್ತಕದ ಅನುವಾದದಿಂದ ಬಂದವು ಅಂತ ಕಂಡುಹಿಡಿದಿದ್ದೂ ಜಪಾನಿನಲ್ಲಿದ್ದ ಒಬ್ಬ ಅಭಿಮಾನಿ. ವಿಶ್ವವಿದ್ಯಾಲಯದವರಲ್ಲ.

ಈ ಬರವಣಿಗೆಯ ಒಳ್ಳೆಯ ಆಯ್ಕೆ ಎರಡು ಸಂಕಲನಗಳಲ್ಲಿ ಇದೆ: ‘ಆಲ್ ಅಕ್ರಾಸ್ ದಿ ಟೆಲಿಗ್ರಾಫ್’ (1987) ಮತ್ತು ‘ವಾಂಟೆಡ್ ಮ್ಯಾನ್’ (1990). ಮಟ್ಟ ಏರುಪೇರು. ಒಂದು ಲೇಖನ ಬೆರಗು ಹುಟ್ಟಿಸಿದರೆ ಮುಂದಿನದು ಬರೀ ಪಟ್ಟಿ. ಆದರೆ ಕೇಳುವ ಶ್ರದ್ಧೆ ಅಂದರೆ ಏನು ಅಂತ ಇಲ್ಲಿ ತಿಳಿಯುತ್ತದೆ. ಅಭಿಮಾನಕ್ಕೆ ಕೆಟ್ಟ ಮುಖವೂ ಇತ್ತು. 1970ರ ಸುಮಾರಿಗೆ ಎ.ಜೆ. ವೆಬರ್ಮನ್ ಹಾಡುಗಳ ಗುಟ್ಟು ಒಡೆಯುತ್ತೇನೆ ಅಂತ ಡಿಲನ್ ಮನೆಯ ಕಸವನ್ನೇ ಜಾಲಾಡಿದರು. ಪ್ರತಿ ಪದಕ್ಕೂ ಒಂದು ರಹಸ್ಯ ಅರ್ಥ ಇದೆ ಅನ್ನುವ ಪುಸ್ತಕ ಸಿಕ್ಕರೆ ದೂರ ಇಡಿ.

ಇಲ್ಲಿಯವರೆಗೆ ಹೇಳಿದ ಲೇಖಕರೆಲ್ಲ ಗಂಡಸರು. ಈ ಲೋಕದ ಕೊರತೆಯೇ ಅದು. ಎಲೆನ್ ವಿಲಿಸ್ 1967ರಲ್ಲಿ ಬರೆದ ಒಂದು ಪ್ರಬಂಧ ಇವತ್ತಿಗೂ ಹರಿತವಾಗಿದೆ. ಡಿಲನ್‌ರನ್ನು ಕವಿ ಪೀಠಕ್ಕೆ ಏರಿಸದೆ, ಜನಪ್ರಿಯತೆ ಎಂಬುದನ್ನೇ ಬಳಸಿಕೊಂಡ ಕಲಾವಿದರಾಗಿ ಆಕೆ ನೋಡುತ್ತಾರೆ. ಅದನ್ನು ನೋಡಿಯೇ ‘ನ್ಯೂಯಾರ್ಕರ್’ ಪತ್ರಿಕೆ ಆಕೆಯನ್ನು ತನ್ನ ಮೊದಲ ಪಾಪ್ ವಿಮರ್ಶಕಿಯಾಗಿ ತೆಗೆದುಕೊಂಡಿತು. ‘ಔಟ್ ಆಫ್ ದಿ ವೈನಿಲ್ ಡೀಪ್ಸ್’ (2011) ಸಂಕಲನದಲ್ಲಿ ಸಿಗುತ್ತದೆ. ‘ಫ್ರೀವೀಲಿನ್’ ಆಲ್ಬಂ ಹೊದಿಕೆಯಲ್ಲಿ ಡಿಲನ್ ತೋಳು ಹಿಡಿದು ನಡೆಯುವ, ಆಗಿನ ಗೆಳತಿ ಸೂಝಿ ರೊಟೊಲೊ ಬರೆದ ನೆನಪುಗಳೂ (2008) ಓದಬೇಕಾದವು. ದೊಡ್ಡವರ ಪಕ್ಕದಲ್ಲಿದ್ದು ತಾನು ತಾನಾಗಿ ಉಳಿಯುವ ಕಷ್ಟ ಅದರಲ್ಲಿದೆ.

ಹಾಗಾದರೆ ಯಾವುದು?

ಐದಾರು ಹಾಡು ಮಾತ್ರ ಕೇಳಿದ್ದೀರಿ, ಸಿನಿಮಾ ನೋಡಿದ್ದೀರಿ ಅಂದರೆ ವಾಲ್ಡ್. ಬದುಕಿನ ಕಥೆ ಬೇಕು, ಇಂಗ್ಲಿಷ್ ಸಲೀಸಾಗಿರಬೇಕು ಅಂದರೆ ಶೆಲ್ಟನ್. ದುಡ್ಡು ಖರ್ಚು ಮಾಡುವುದೇ ಬೇಡ ಅಂದರೆ ಡಿಲನ್ 2017ರಲ್ಲಿ ಕೊಟ್ಟ ನೊಬೆಲ್ ಉಪನ್ಯಾಸ ನೊಬೆಲ್ ಸಂಸ್ಥೆಯ ತಾಣದಲ್ಲೇ ಓದಲು ಸಿಗುತ್ತದೆ. ಹಾಡು ಹಾಡಲಿಕ್ಕೇ ಇರುವುದು, ಓದಲಿಕ್ಕಲ್ಲ ಅಂತ ಅಲ್ಲಿ ಅವರೇ ಹೇಳುತ್ತಾರೆ.

ನೀವು ಈಗಾಗಲೇ ಹತ್ತು ಆಲ್ಬಂ ದಾಟಿದ್ದರೆ ನನ್ನ ಮತ ಪಾಲ್ ವಿಲಿಯಮ್ಸ್‌ಗೆ. ‘ಪರ್ಫಾರ್ಮಿಂಗ್ ಆರ್ಟಿಸ್ಟ್’ ಮೊದಲ ಸಂಪುಟ (1990) 1973ರವರೆಗೆ, ಎರಡನೆಯದು (1992) 1986ರವರೆಗೆ. ರಿಕ್ಸ್ ಅವರಷ್ಟು ಬುದ್ಧಿಯ ಹೊಳಪು ಇಲ್ಲ, ಹೇಲಿನ್ ಅವರಷ್ಟು ದಾಖಲೆಯೂ ಇಲ್ಲ. ಕೆಲವೊಮ್ಮೆ ಭಾವನೆ ಉಕ್ಕಿ ಹರಿಯುತ್ತದೆ. ಆದರೂ ಪುಟ ಪುಟಕ್ಕೂ ಪುಸ್ತಕ ಕೆಳಗಿಟ್ಟು ಹಾಡು ಹಾಕುವಂತೆ ಮಾಡುವುದು ಇದೊಂದೇ. ಹಾಡುಗಾರರ ಬಗ್ಗೆ ಬರೆದ ಪುಸ್ತಕದಿಂದ ನಾನು ಮೊದಲು ಬಯಸುವುದು ಅದನ್ನೇ.

ಕೊಳ್ಳುವಾಗ ಕೆಲವು ಮಾತು ನೆನಪಿರಲಿ. ಶೆಲ್ಟನ್ ಆದರೆ 2011ರ ಆವೃತ್ತಿಯನ್ನೇ ಕೇಳಿ, ಮೊದಲು ಕತ್ತರಿಸಿದ್ದ ಭಾಗಗಳು ಅದರಲ್ಲಿ ಮರಳಿ ಸೇರಿವೆ. ಗ್ರೇ ಆದರೆ ಮೂರನೆಯ ಆವೃತ್ತಿ. ಮಾರ್ಕಸ್ ಅವರ ‘ಇನ್‌ವಿಸಿಬಲ್ ರಿಪಬ್ಲಿಕ್’ ಮತ್ತು ‘ದಿ ಓಲ್ಡ್, ವಿಯರ್ಡ್ ಅಮೆರಿಕ’ ಎರಡೂ ಒಂದೇ ಪುಸ್ತಕ, ಹೆಸರು ಮಾತ್ರ ಬದಲಾಗಿದೆ, ಎರಡು ಸಲ ದುಡ್ಡು ಕೊಡಬೇಡಿ. ವಿಲಿಯಮ್ಸ್ ಮತ್ತು ‘ಟೆಲಿಗ್ರಾಫ್’ ಸಂಕಲನಗಳಿಗೆ ಹಳೆಯ ಪ್ರತಿಗಳನ್ನೇ ಹುಡುಕಬೇಕಾಗಬಹುದು. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಸಂಗೀತದ ಕಪಾಟನ್ನು ಒಮ್ಮೆ ನೋಡಿ ಬನ್ನಿ.